ನಗುವ ಮೊದಲು ಪೆನ್ಸಿಲ್ ಹಿಡಿಯೋಣ

"ನಮಗೆ ಚಿತ್ರ ಬಿಡಿಸಲು ಬರುವುದಿಲ್ಲ" ಎಂದು ನಾವು ಎಷ್ಟು ಸಲ ಹೇಳಿಲ್ಲ! ಮಕ್ತಲ್, ನಾರಾಯಣಪೇಟೆ ಸೀಮೆಯ ಕೊತ್ತಪಲ್ಲಿಯಂಥ ಊರುಗಳಲ್ಲಿ ಇದೇ ಮಾತಾಡುವ ತಾಯಿ ಬೆಳಿಗ್ಗೆ ಎದ್ದು ಅಂಗಳ ಸಾರಿಸಿ, ಚುಕ್ಕಿ ಇಟ್ಟು, ಎಳೆ ತಪ್ಪದಂತೆ ರಂಗೋಲಿ ಹಾಕುತ್ತಾಳೆ. ಅಳತೆಪಟ್ಟಿಯಿಲ್ಲ, ರಬ್ಬರಿಲ್ಲ. ಇದು ಹುಟ್ಟಿನಿಂದ ಬಂದದ್ದೇ? ಅಲ್ಲ. ಹಿರಿಯರು ಹಾಕುವುದನ್ನು ನೋಡಿ, ಅಳಿಸಿ ಅಳಿಸಿ ಕಲಿತದ್ದು.

ಒಮ್ಮೆ ನಮ್ಮ ಮನೆಯ ಮಗು ಎಮ್ಮೆಯ ಚಿತ್ರ ಬಿಡಿಸಿ ತಂದಾಗ, "ಇದೇನು, ಹಂದಿಯೋ?" ಎಂದು ನಾವು ನಕ್ಕುಬಿಟ್ಟೆವು. ಆಮೇಲೆ ಎಷ್ಟೋ ದಿನ ಅದು ಬಣ್ಣದ ಪೆಟ್ಟಿಗೆ ಮುಟ್ಟಲಿಲ್ಲ. ತಪ್ಪು ಮಗುವಿನದಲ್ಲ, ಹೇಗೆ ನೋಡಬೇಕೆಂದು ನಾವು ಹೇಳಿಕೊಟ್ಟಿರಲಿಲ್ಲ.

ಚಿತ್ರಕಲೆಯ ಮೊದಲ ಪಾಠ ಕಣ್ಣಿಗೆ, ಆಮೇಲೆ ಕೈಗೆ. ಎಮ್ಮೆಯ ಹೊಟ್ಟೆ ಅಡ್ಡ ಮಲಗಿಸಿದ ಮೊಟ್ಟೆ. ತಲೆ ಅದಕ್ಕಿಂತ ಚಿಕ್ಕ ಮೊಟ್ಟೆ. ಇಂಥ ಆಕಾರಗಳನ್ನು ಮೊದಲು ತೆಳುವಾಗಿ ಗುರುತಿಸಿಕೊಳ್ಳಬೇಕು. ಕೈಯನ್ನು ನೇರ ಚಾಚಿ ಪೆನ್ಸಿಲ್ ಹಿಡಿದು, ಒಂದು ಕಣ್ಣು ಮುಚ್ಚಿದರೆ ಹೊಟ್ಟೆಯೆಷ್ಟು, ಕಾಲೆಷ್ಟು ಎಂದು ಅಳೆಯಬಹುದು. ಬೆಳಕು ಬೀಳದ ಕಡೆಗೆ ನೆರಳು ತುಂಬಿದರೆ ಚಪ್ಪಟೆ ಎಮ್ಮೆ ಮೈದುಂಬಿ ನಿಲ್ಲುತ್ತದೆ.

ಉಳಿದದ್ದು ಅಭ್ಯಾಸ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲೇ ಮೇಷ್ಟ್ರಾದವರು. ಅಷ್ಟಾದರೂ ಲಯವನ್ನು ಅರಿಯಬೇಕೆಂದು ಕಥಕ್ ನೃತ್ಯ ಕಲಿತರು. ಕೆಲವೇ ಗೆರೆಗಳಲ್ಲಿ ಕುಣಿಯುವ ದೇಹವನ್ನು ಕಾಣಿಸಿದ ಅವರಿಗೆ 1989ರಲ್ಲಿ ಪದ್ಮಭೂಷಣ ಬಂತು. ಅಂಥ ದೊಡ್ಡವರೇ ಕಲಿಯುವುದನ್ನು ಬಿಡಲಿಲ್ಲ.

ಕೈ ಪಳಗಿದಂತೆ ಸ್ವಂತ ಯೋಚನೆಯೂ ಬೆಳೆಯಬೇಕು. ಬೆನ್ನ ಮೇಲೆ ಕುಳಿತ ಕಾಗೆಗೆ ಅದೇ ಎಮ್ಮೆ ಹೇಗೆ ಕಂಡೀತು? ಹೊಟ್ಟೆಯ ಕೆಳಗೆ ನಿಂತ ಕರುವಿಗೆ? ಇಂಥ ಪ್ರಶ್ನೆ ಕೇಳಿದರೆ ಮಗು ನಕಲು ಬಿಟ್ಟು ತನ್ನದೇ ಚಿತ್ರ ಬಿಡಿಸುತ್ತದೆ.

ದಿನಕ್ಕೆ ಹದಿನೈದು ನಿಮಿಷ, ಒಂದು ಹಳೆಯ ನೋಟ್‌ಬುಕ್ ಸಾಕು. ಪ್ರತಿ ಚಿತ್ರದ ಕೆಳಗೆ ತಾರೀಕು ಬರೆಸಿ; ಆರು ತಿಂಗಳ ನಂತರ ಹಿಂದಿನ ಪುಟ ತಿರುವಿ ತೋರಿಸಿ. "ಇದೇನು?" ಎನ್ನಬೇಡಿ, "ಇದರ ಬಗ್ಗೆ ಹೇಳು ಮಗಾ" ಎನ್ನಿ.

ಮೊನ್ನೆ ನಾವೂ ಮಗುವಿನ ಪಕ್ಕ ಕುಳಿತು ಎಮ್ಮೆ ಬಿಡಿಸಿದೆವು. ಅದು ನೋಡಿ ನಗಲಿಲ್ಲ. "ಕಾಲು ಸ್ವಲ್ಪ ಗಿಡ್ಡ ಮಾಡಿ" ಎಂದು ರಬ್ಬರ್ ಕೊಟ್ಟಿತು.