ಅಂಟು ಹಾಕಿದ ಫೋನು, ಕೈಕಟ್ಟಿ ಕೂತ ರಿಪೇರಿಯವ

ಜಿಲ್ಲೆಯ ಯಾವ ಬಸ್ ಸ್ಟ್ಯಾಂಡ್ ಎದುರಿನ ಮೊಬೈಲ್ ರಿಪೇರಿ ಅಂಗಡಿ ಮುಂದೆ ಬೇಕಾದರೂ ಅರ್ಧ ಗಂಟೆ ನಿಲ್ಲಿ. ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ.

"ಬ್ಯಾಟರಿ ನಿಲ್ತಾ ಇಲ್ಲ ಕಣಪ್ಪಾ, ಒಂದು ಹೊಸದು ಹಾಕ್ಕೊಡು."

"ಇದಕ್ಕೆ ಒರಿಜಿನಲ್ ಸಿಗಲ್ಲ ಯಜಮಾನ್ರೇ. ಡೂಪ್ಲಿಕೇಟ್ ಹಾಕಿದ್ರೆ ಗ್ಯಾರಂಟಿ ಕೊಡಲ್ಲ. ಬಿಚ್ಚುವಾಗ ಡಿಸ್‌ಪ್ಲೇ ಒಡೆದ್ರೆ ನನ್ನ ಕೇಳ್ಬೇಡಿ. ಅದರ ಬದಲು ಹೊಸ ಫೋನೇ ತಗೊಂಬಿಡಿ."

ಯಜಮಾನರ ಫೋನಿಗೆ ಮೂರೇ ವರ್ಷ. ಮಾತು ಕೇಳುತ್ತದೆ, ಬ್ಯಾಂಕಿನ ಒಟಿಪಿ ಬರುತ್ತದೆ, ಗಾಜಿಗೆ ಒಂದು ಗೀರೂ ಬಿದ್ದಿಲ್ಲ. ಒಂದು ಭಾಗ ಸವೆದದ್ದಕ್ಕೆ ಇಡೀ ಯಂತ್ರ ಗುಜರಿಗೆ! ಕಡೆಗೀಲು ಸವೆಯಿತು ಅಂತ ಯಾರಾದರೂ ಗಾಡಿಯನ್ನೇ ಒಲೆಗೆ ಹಾಕುತ್ತಾರೆಯೆ?

ತಪ್ಪು ರಿಪೇರಿಯವನದಲ್ಲ. ಅವನ ಕೈಚಳಕಕ್ಕೆ ಕೊರತೆಯಿಲ್ಲ. ಹಿಂಬದಿಗೆ ಅಂಟು, ಬ್ಯಾಟರಿಗೆ ಅಂಟು, ಪರದೆಗೆ ಅಂಟು. ಬಿಸಿಗಾಳಿ ಹೊಡೆದು, ಜೀವ ಕೈಯಲ್ಲಿ ಹಿಡಿದು ಎಬ್ಬಿಸಬೇಕು. 2003ರಲ್ಲಿ ಬಂದ ಟಾರ್ಚಿನ ನೋಕಿಯಾ 1100 ಬಳಸಿದವರಿಗೆ ನೆನಪಿರಬಹುದು: ಉಗುರಿನಲ್ಲಿ ಮುಚ್ಚಳ ಜಾರಿಸಿ ಮನೆಯ ಮಕ್ಕಳೇ ಬ್ಯಾಟರಿ ಬದಲಿಸುತ್ತಿದ್ದರು. ತೆಳ್ಳಗಿರಬೇಕು, ನೀರು ಹೋಗಬಾರದು, ಅದಕ್ಕೇ ಅಂಟು ಎಂಬುದು ಕಂಪನಿಗಳ ಸಮಜಾಯಿಷಿ. ಪೂರ್ತಿ ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಹೇಗೆನ್ನುವುದಕ್ಕೆ ಹಾಲೆಂಡಿನ ಆಮ್‌ಸ್ಟರ್‌ಡ್ಯಾಂ ಕಡೆ ನೋಡಬೇಕು. ಕಾಂಗೋ ದೇಶದ ಗಣಿಗಳಲ್ಲಿ ರಕ್ತ ಹರಿಸಿ ತೆಗೆಯುವ ಖನಿಜಗಳು ಫೋನಿನೊಳಗೆ ಸೇರುತ್ತಿವೆ ಎಂದು 2010ರಲ್ಲಿ ಅಲ್ಲಿ ಕೆಲವರು ಚಳವಳಿ ಹೂಡಿದರು. ಬರೀ ಕೂಗಿದರೆ ಸಾಲದೆಂದು 2013ರಲ್ಲಿ ತಾವೇ ಫೇರ್‌ಫೋನ್ ಎಂಬ ಕಂಪನಿ ಕಟ್ಟಿದರು. 2015ರ ಕೊನೆಗೆ ಬಂದ ಅವರ ಎರಡನೇ ಫೋನಿನ ಪರದೆಯನ್ನು ಯಾವ ಉಪಕರಣವೂ ಇಲ್ಲದೆ ಬಿಚ್ಚಬಹುದಿತ್ತು. ಫೋನ್ ಬಿಚ್ಚಿ ಅಂಕ ಕೊಡುವ ಐಫಿಕ್ಸಿಟ್ ಸಂಸ್ಥೆ ಅದಕ್ಕೆ ಹತ್ತಕ್ಕೆ ಹತ್ತು ಕೊಟ್ಟಿತು. 2023ರ ಐದನೇ ಫೋನಿನ ಬ್ಯಾಟರಿ ಕೈಯಲ್ಲೇ ಹೊರಬರುತ್ತದೆ. ಕ್ಯಾಮೆರಾ, ಸ್ಪೀಕರ್, ಚಾರ್ಜ್ ಮಾಡುವ ತೂತು ಇವಕ್ಕೆಲ್ಲ ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರ್ ಸಾಕು. ನೀರಿನಲ್ಲಿ ಮುಳುಗಿಸಿದರೆ ತಡೆಯದು, ಮಳೆ ಹನಿಗೆ ತಡೆಯುತ್ತದೆ. ಹೊಳೆಗೆ ಫೋನ್ ಹಿಡಿದು ಇಳಿಯುವವರು ಎಷ್ಟು ಮಂದಿ ಸ್ವಾಮಿ?

ಸ್ಕ್ರೂ ಒಂದೇ ಸಾಲದು, ಸಾಫ್ಟ್‌ವೇರ್ ಕೂಡ ಉಳಿಯಬೇಕು. ಅದು ಹಳತಾದರೆ ಗಟ್ಟಿಮುಟ್ಟಾದ ಫೋನಿನಲ್ಲೂ ಒಂದೊಂದಾಗಿ ಆ್ಯಪ್‌ಗಳು ಕೈಕೊಡುತ್ತವೆ. ಫೇರ್‌ಫೋನ್ 2ರೊಳಗಿನ ಚಿಪ್ ಮಾಡಿದವರು ಆಂಡ್ರಾಯ್ಡ್ 6ರ ನಂತರ ಕೈತೊಳೆದುಕೊಂಡರು. ಆದರೂ ಈ ಸಣ್ಣ ಕಂಪನಿ ಹಟ ಹಿಡಿದು ಅದೇ ಫೋನನ್ನು ಆಂಡ್ರಾಯ್ಡ್ 10ರವರೆಗೆ ಎಳೆದು ತಂದಿತು, 2023ರ ಮಾರ್ಚ್‌ವರೆಗೆ ನೋಡಿಕೊಂಡಿತು. ಏಳು ವರ್ಷ! ಸಣ್ಣವರಿಗೆ ಆದದ್ದು ದೊಡ್ಡ ದೊರೆಗಳಿಗೆ ಆಗದೆ?

ಹಾಗೆಂದು ಈ ಕಂಪನಿಗೆ ಆರತಿ ಎತ್ತಬೇಕಾಗಿಲ್ಲ. ತನ್ನ ಮೊದಲ ಫೋನಿಗೆ ಅದು 2017ರಲ್ಲೇ ಬಿಡಿಭಾಗ ನಿಲ್ಲಿಸಿತು. 2021ರಲ್ಲಿ ಇಯರ್‌ಫೋನ್ ತೂತನ್ನೂ ಮುಚ್ಚಿ ಬೈಸಿಕೊಂಡಿತು. ಐದನೇ ಫೋನಿನ ಬೆಲೆ 2023ರಲ್ಲಿ 699 ಯೂರೋ ಇತ್ತು, ಅಂದಿನ ಲೆಕ್ಕದಲ್ಲಿ 60 ಸಾವಿರ ರೂಪಾಯಿ ದಾಟುತ್ತಿತ್ತು. ರಾಗಿ ಮಾರಿ ಫೋನ್ ಕೊಳ್ಳುವವನಿಗೆ ಅದು ಎಟುಕುವ ಮಾತಲ್ಲ. ಎಟುಕಬೇಕಾದದ್ದು ಆ ಫೋನಿನ ಹಿಂದಿನ ನಿಯಮ.

ಯೂರೋಪಿನವರು ಅದನ್ನು ಕಾನೂನಿಗೆ ತಂದಿದ್ದಾರೆ. 2025ರ ಜೂನ್ 20ರಿಂದ ಅಲ್ಲಿ ಮಾರುಕಟ್ಟೆಗೆ ಬರುವ ಫೋನಿಗೆ, ಆ ಮಾದರಿಯ ಮಾರಾಟ ನಿಂತ ಮೇಲೂ ಏಳು ವರ್ಷ ಮುಖ್ಯ ಬಿಡಿಭಾಗ ಸಿಗಬೇಕು, ಐದು ವರ್ಷ ಸಾಫ್ಟ್‌ವೇರ್ ಬರಬೇಕು. ರಿಪೇರಿ ಎಷ್ಟು ಸುಲಭ ಎಂಬುದನ್ನು ಚೀಟಿಯ ಮೇಲೆ ನಮೂದಿಸಲೇಬೇಕು.

ದಿಲ್ಲಿಯಲ್ಲಿ? 2022ರಲ್ಲಿ ರಿಪೇರಿ ಹಕ್ಕಿಗೆಂದು ಒಂದು ಪೋರ್ಟಲ್ ತೆರೆದರು. 2024ರಲ್ಲಿ ಸಮಿತಿ ಮಾಡಿದರು. 2025ರ ಮೇ ತಿಂಗಳಲ್ಲಿ ಸಮಿತಿ ವರದಿ ಕೊಟ್ಟಿತು: ಪ್ರತಿ ಫೋನಿಗೂ ರಿಪೇರಿ ಅಂಕವಿರಲಿ, ಆ ಅಂಕವನ್ನು ಕಂಪನಿಯೇ ಘೋಷಿಸಲಿ. ಪರೀಕ್ಷೆ ಬರೆದ ಹುಡುಗನ ಕೈಗೇ ಕೆಂಪು ಪೆನ್ನು ಕೊಟ್ಟ ಹಾಗೆ! ಅಂಕವನ್ನು ಬೇರೆಯವರು ತೂಗಿ ನೋಡಬೇಕು. ಬಿಡಿಭಾಗಗಳು ನಗರದ ಸರ್ವೀಸ್ ಸೆಂಟರ್‌ಗಷ್ಟೇ ಅಲ್ಲ, ತಾಲ್ಲೂಕಿನ ಸಣ್ಣ ಅಂಗಡಿಗೂ ನಿಗದಿತ ಬೆಲೆಗೆ ತಲುಪಬೇಕು.

ಅದೆಲ್ಲ ಆಗುವಾಗ ಆಗಲಿ. ಸರ್ಕಾರದ ಕೈಯಲ್ಲೇ ಒಂದು ದಾರಿಯಿದೆ. ಪೋಷಣ್ ಅಭಿಯಾನದಡಿ ಅಂಗನವಾಡಿ ಕಾರ್ಯಕರ್ತೆಯರಿಗೆ ಫೋನ್ ಕೊಡುವುದು ಸರ್ಕಾರವೇ. ಮಗುವಿನ ತೂಕ, ಎತ್ತರ ಎಲ್ಲವನ್ನೂ ಆ ಅಕ್ಕಂದಿರು ಅದರಲ್ಲೇ ತುಂಬಬೇಕು. ಫೋನ್ ಸತ್ತರೆ ಕೆಲಸ ನಿಲ್ಲುವುದಿಲ್ಲ, ಅವರ ಸ್ವಂತ ಫೋನಿಗೋ ಕಿಸೆಗೋ ಬೀಳುತ್ತದೆ. ಮುಂದಿನ ಖರೀದಿಯ ಟೆಂಡರ್‌ನಲ್ಲಿ ಮೂರೇ ಸಾಲು ಸೇರಲಿ: ಬ್ಯಾಟರಿ ಕೈಯಲ್ಲಿ ಬಿಚ್ಚುವಂತಿರಬೇಕು, ಬಿಡಿಭಾಗ ಏಳು ವರ್ಷ ಸಿಗಬೇಕು, ಸಾಫ್ಟ್‌ವೇರ್ ಅಷ್ಟೇ ಕಾಲ ಬರಬೇಕು. ಸಾವಿರಗಟ್ಟಲೆ ಫೋನಿನ ಆರ್ಡರ್ ಎದುರಿಗಿದ್ದರೆ ಯಾವ ಕಂಪನಿ ಇಲ್ಲವೆನ್ನುತ್ತದೋ ನೋಡೋಣ.