ಪರಮಾಣು ಒಪ್ಪಂದಗಳಿಗೆ ಸಂಸತ್ತಿನ ಸಮ್ಮತಿ ಬೇಡವೇ?

ಭಾರತ–ಅಮೆರಿಕ ನಾಗರಿಕ ಪರಮಾಣು ಒಪ್ಪಂದಕ್ಕೆ ಸಹಿ ಬಿದ್ದದ್ದು 2008ರ ಅಕ್ಟೋಬರ್ 10ರಂದು. ಅದಕ್ಕೆ ಮೊದಲು ಅಮೆರಿಕದ ಶಾಸಕಾಂಗ ಅದನ್ನು ಎರಡು ಬಾರಿ ಒರೆಗೆ ಹಚ್ಚಿತ್ತು: 2006ರಲ್ಲಿ ಹೈಡ್ ಕಾಯ್ದೆಯ ಮೂಲಕ, 2008ರಲ್ಲಿ ಒಪ್ಪಂದವನ್ನೇ ಅನುಮೋದಿಸುವ ಮಸೂದೆಯ ಮೂಲಕ. ಎರಡನೆಯದಕ್ಕೆ ಪ್ರತಿನಿಧಿ ಸಭೆಯಲ್ಲಿ 298–117, ಸೆನೆಟ್‌ನಲ್ಲಿ 86–13 ಮತಗಳು ಬಿದ್ದವು. ನಾವೆಲ್ಲ ಬಾಯಿಪಾಠ ಮಾಡಿಕೊಂಡ ‘123 ಒಪ್ಪಂದ’ ಎಂಬ ಹೆಸರು ಬಂದದ್ದೂ ಅಲ್ಲಿಯ 1954ರ ಪರಮಾಣು ಶಕ್ತಿ ಕಾಯ್ದೆಯ 123ನೇ ಸೆಕ್ಷನ್ನಿನಿಂದ. ಇಂತಹ ಒಪ್ಪಂದಗಳು ಶಾಸಕಾಂಗದ ಮುಂದೆ ಬರಲೇಬೇಕೆಂದು ವಿಧಿಸುವುದು ಆ ಸೆಕ್ಷನ್ನೇ.

ನಮ್ಮ ಸಂಸತ್ತಿನಲ್ಲಿ ಚರ್ಚೆಯೇನೋ ಬಿಸಿಯಾಗಿಯೇ ನಡೆಯಿತು. ಆದರೆ ಒಪ್ಪಂದದ ಪಠ್ಯ ಮತಕ್ಕೆ ಬರಲಿಲ್ಲ. 2008ರ ಜುಲೈ 22ರಂದು 275–256 ಮತಗಳಿಂದ ನಿರ್ಧಾರವಾದದ್ದು ಸರ್ಕಾರದ ಅಳಿವು ಉಳಿವು ಮಾತ್ರ.

ಇದರಲ್ಲಿ ಸಂವಿಧಾನದ ಉಲ್ಲಂಘನೆಯೇನೂ ಇಲ್ಲ. 73ನೇ ವಿಧಿಯ ಬಲದಿಂದ ಕಾರ್ಯಾಂಗವೇ ಒಪ್ಪಂದ ಮಾಡಿಕೊಳ್ಳಬಹುದು. ಒಪ್ಪಂದದ ಜಾರಿಗೆ ಹೊಸ ಕಾನೂನು ಬೇಕಾದಾಗಷ್ಟೇ ಸಂಸತ್ತಿಗೆ ಕರೆ ಬರುತ್ತದೆ. ನನ್ನ ಆಕ್ಷೇಪ ಇರುವುದು ಈ ಆಕಸ್ಮಿಕದ ಬಗೆಗೆ.

2010ರ ಪರಮಾಣು ಹೊಣೆಗಾರಿಕೆ ಮಸೂದೆ ಅಂತಹ ಒಂದು ಆಕಸ್ಮಿಕ. ಕಾನೂನಿಲ್ಲದೆ ವಿದೇಶಿ ಪೂರೈಕೆದಾರರು ಬರುವಂತಿರಲಿಲ್ಲ, ಹಾಗಾಗಿ ಅದು ಸ್ಥಾಯಿ ಸಮಿತಿಗೆ ಹೋಯಿತು. ಸ್ಥಾವರ ನಡೆಸುವವರ ಹೊಣೆಯ ಮಿತಿ 500 ಕೋಟಿ ರೂಪಾಯಿಯಿಂದ 1,500 ಕೋಟಿಗೆ ಏರಿತು. ದೋಷಯುಕ್ತ ಉಪಕರಣ ಕೊಟ್ಟವರಿಂದ ಪರಿಹಾರದ ಹಣ ವಸೂಲು ಮಾಡುವ 17ನೇ ವಿಧಿಯ ಎರಡು ಉಪವಿಧಿಗಳ ನಡುವೆ ‘ಆ್ಯಂಡ್’ ಎಂಬ ಇಂಗ್ಲಿಷ್ ಪದವೊಂದು ಬಂದು ಕುಳಿತಿತ್ತು. ಅದು ಉಳಿದಿದ್ದರೆ, ಕರಾರಿನಲ್ಲಿ ಬರೆದಿರದ ಹೊರತು ಈ ಹಕ್ಕು ಕಾಗದದ ಮೇಲಷ್ಟೇ ಇರುತ್ತಿತ್ತು. ಪ್ರತಿಪಕ್ಷಗಳು ಪ್ರತಿಭಟಿಸಿದವು, ಪದ ಹೋಯಿತು. ಮೂರು ದಶಕ ಕಡತಗಳ ನಡುವೆ ಕಳೆದ ನನಗೆ ಒಂದು ‘ಮತ್ತು’ವಿನ ಬೆಲೆ ಗೊತ್ತು. ಆಗ ನಮ್ಮ ಪರಮಾಣು ವಿದ್ಯುತ್ ಸ್ಥಾವರಗಳನ್ನು ನಡೆಸುತ್ತಿದ್ದುದು ಸರ್ಕಾರಿ ಸ್ವಾಮ್ಯದ ಸಂಸ್ಥೆ. ಪೂರೈಕೆದಾರ ತಪ್ಪಿಸಿಕೊಂಡರೆ ಅವನ ಪಾಲಿನ ಹೊರೆ ಬೀಳುತ್ತಿದ್ದುದು ತೆರಿಗೆದಾರನ ಹೆಗಲಿಗೆ.

ಹೀಗೆ ಗಳಿಸಿದ್ದನ್ನು 2015ರ ಫೆಬ್ರುವರಿಯಲ್ಲಿ ವಿದೇಶಾಂಗ ಸಚಿವಾಲಯ ಒಂದು ಪ್ರಶ್ನೋತ್ತರ ಪ್ರಕಟಣೆಯ ಮೂಲಕ ತನಗೆ ಬೇಕಾದಂತೆ ವ್ಯಾಖ್ಯಾನಿಸಿತು. ಸಂಸತ್ತು ಅಕ್ಷರ ಅಕ್ಷರವಾಗಿ ತಿದ್ದಿದ ಕಾನೂನಿಗೆ ಪ್ರಶ್ನೋತ್ತರದ ಭಾಷ್ಯ! 2025ರ ಡಿಸೆಂಬರ್‌ನಲ್ಲಿ ಬಂದ ‘ಶಾಂತಿ’ ಕಾಯ್ದೆ ಆ ಕಾನೂನನ್ನೇ ರದ್ದುಪಡಿಸಿ, ಖಾಸಗಿ ಕಂಪನಿಗಳಿಗೂ ಬಾಗಿಲು ತೆರೆಯಿತು. ದೋಷಯುಕ್ತ ಉಪಕರಣದ ಆ ಉಪವಿಧಿ ಹೊಸ ಕಾಯ್ದೆಯಲ್ಲಿಲ್ಲ. ಸಮಿತಿಗೆ ಒಪ್ಪಿಸಬೇಕೆಂಬ ಬೇಡಿಕೆಗೆ ಮನ್ನಣೆ ಸಿಗಲಿಲ್ಲ. ಮಂಡನೆಯಾದ ವಾರದಲ್ಲೇ ಮಸೂದೆ ಎರಡೂ ಸದನಗಳನ್ನು ದಾಟಿತು. ಪೂರೈಕೆದಾರರ ಹೊಣೆ ಸಡಿಲಿಸುವುದಕ್ಕೆ ಆರ್ಥಿಕ ಸಮರ್ಥನೆ ಇರಬಹುದು, ನಾನದನ್ನು ಅಲ್ಲಗಳೆಯುವುದಿಲ್ಲ. ಸಮಿತಿಯ ಮುಂದೆ ಅದನ್ನು ಮಂಡಿಸಲು ಅಡ್ಡಿಯೇನಿತ್ತು?

ಗೋಪ್ಯತೆ ಕೆಡುತ್ತದೆ, ವಿಳಂಬವಾಗುತ್ತದೆ ಎಂಬುದು ಸಿದ್ಧ ಉತ್ತರ. ಆದರೆ 2014ರಲ್ಲಿ ನಮ್ಮೊಡನೆ ಸಹಿ ಮಾಡಿದ ಆಸ್ಟ್ರೇಲಿಯಾದಲ್ಲಿ ಒಪ್ಪಂದಗಳ ಸಂಸದೀಯ ಸಮಿತಿ ಬಹಿರಂಗ ವಿಚಾರಣೆ ನಡೆಸಿ, 2015ರ ಸೆಪ್ಟೆಂಬರ್‌ನಲ್ಲಿ ಷರತ್ತುಗಳೊಡನೆ ವರದಿ ಕೊಟ್ಟಿತು. ಸರ್ಕಾರ ಕೆಲವನ್ನು ಒಪ್ಪಲಿಲ್ಲ, ನವೆಂಬರ್‌ನಲ್ಲಿ ಒಪ್ಪಂದ ಜಾರಿಗೂ ಬಂತು. ಸಮಿತಿ ಸರ್ಕಾರದ ಕೈ ಕಟ್ಟಲಿಲ್ಲ, ನಿಜ. ಆದರೆ ಯಾವ ಷರತ್ತು ಬಿಟ್ಟುಹೋಯಿತೆಂದು ಅಲ್ಲಿಯ ಮತದಾರನಿಗೆ ತಿಳಿದಿದೆ. ಜಪಾನಿನ ಸಂಸತ್ತೂ ನಮ್ಮೊಡನೆ ಆದ ಒಪ್ಪಂದವನ್ನು 2017ರಲ್ಲಿ ಅನುಮೋದಿಸಿದ ಮೇಲೆಯೇ ಅದು ಜಾರಿಯಾದದ್ದು.

ನಮ್ಮಲ್ಲಿ ಇದಕ್ಕೆ ಸಂವಿಧಾನ ತಿದ್ದುಪಡಿಯ ಅಗತ್ಯವಿಲ್ಲ. ಕೇಂದ್ರ ಪಟ್ಟಿಯ 14ನೇ ನಮೂದಿನಡಿ ಸಂಸತ್ತು ಸಾಧಾರಣ ಕಾಯ್ದೆಯೊಂದನ್ನು ಮಾಡಿದರೆ ಸಾಕು. ಸಹಿಯಾದ ಪರಮಾಣು ಒಪ್ಪಂದ ಜಾರಿಗೆ ಮೊದಲು ಗೊತ್ತಾದಷ್ಟು ಕಲಾಪ ದಿನಗಳ ಕಾಲ ಸದನದ ಮುಂದಿರಬೇಕು, ಸಮಿತಿಯ ವರದಿ ಬರಬೇಕು. ಗೋಪ್ಯ ಭಾಗಗಳಿಗೆ ಸಮಿತಿ ಮುಚ್ಚಿದ ಬಾಗಿಲಿನ ಹಿಂದೆ ಕೂರಲಿ. ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರ ಅಧ್ಯಕ್ಷತೆಯ ಸಂವಿಧಾನ ಪರಾಮರ್ಶೆ ಆಯೋಗದ ಚರ್ಚಾಪತ್ರವೊಂದು ಒಪ್ಪಂದಗಳ ಬಗೆಗೆ ಇಂತಹ ಕಾಯ್ದೆಯನ್ನೂ ಸಮಿತಿಯನ್ನೂ 2001ರಲ್ಲೇ ಸೂಚಿಸಿತ್ತು.