ಕಡಲತೀರ ಕಾಣುತ್ತದೆ, ಕೂಲಿಯವರು ಕಾಣುವುದಿಲ್ಲ

ನೀಲಿಚಿತ್ರಗಳ ಮಾತು ಬಂದೊಡನೆ ನೀತಿಬೋಧೆಗೆ ತೊಡಗುವವರು ಬಹಳ. ನಾವು ಇಂದು ಆ ಕೆಲಸಕ್ಕೆ ಹೊರಟಿಲ್ಲ. ಅದೂ ಒಂದು ಉದ್ಯಮ. ಉದ್ಯಮವೆಂದ ಮೇಲೆ ದುಡಿಯುವವರು ಯಾರು, ಲಾಭ ಯಾರಿಗೆ, ಅಪಾಯ ಯಾರ ಪಾಲಿಗೆ ಎಂದು ಕೇಳುವುದು ನಮ್ಮ ಕರ್ತವ್ಯ.

1970ರ ದಶಕದ ಕೊನೆಗೆ ವಿಡಿಯೋ ಕ್ಯಾಸೆಟ್ಟು ಬಂದು, ಅಮೆರಿಕದಲ್ಲಿ ಈ ವ್ಯಾಪಾರ ಚಿತ್ರಮಂದಿರ ಬಿಟ್ಟು ಮನೆಯೊಳಗೆ ಹೊಕ್ಕಿತು. ಲಾಸ್ ಏಂಜಲೀಸಿನ ಸಾನ್ ಫರ್ನಾಂಡೋ ಕಣಿವೆಯ ಬಾಡಿಗೆ ಬಂಗಲೆಗಳಲ್ಲಿ ಕ್ಯಾಸೆಟ್ಟುಗಳು ರಾಶಿರಾಶಿಯಾಗಿ ತಯಾರಾದವು. ಅದೇ ಸೋಫಾ, ಅದೇ ಈಜುಕೊಳ. ಎಲ್ಲ ಅಂಗಡಿಯಲ್ಲೂ ಒಂದೇ ಸರಕಿದ್ದರೆ ಏನು ಮಾಡಬೇಕೆಂದು ನಮ್ಮ ವರ್ತಕ ಬಂಧುಗಳಿಗೆ ಗೊತ್ತು: ಪೊಟ್ಟಣ ಬದಲಿಸಬೇಕು. ಹಾಗೆ ಬಂದವು ದೂರದೇಶದ ಕಡಲತೀರ, ಹಳೆಯ ಅರಮನೆ, ತೆಂಗಿನ ತೋಪು.

ಆದರೆ ಇದು ಬರಿಯ ಪೊಟ್ಟಣದ ಮಾತಲ್ಲ. 1989ರ ನಂತರ ಹಂಗೇರಿಯಲ್ಲಿ ಸರಕಾರಿ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿ ಜನ ಕೆಲಸ ಕಳೆದುಕೊಂಡರು. ಅದೇ ದಶಕದಲ್ಲಿ ಬುಡಾಪೆಸ್ಟ್ ನಗರ ಈ ಚಿತ್ರಗಳ ದೊಡ್ಡ ಕೇಂದ್ರವಾಯಿತು. ಅಲ್ಲಿ ಚೆಂದದ ಕಟ್ಟಡಗಳಿದ್ದವು, ನಿಜ. ಪಶ್ಚಿಮ ದೇಶಗಳಿಗಿಂತ ಅಗ್ಗದ ಕೂಲಿಯೂ ಇತ್ತು.

2004ರಲ್ಲಿ ಬ್ರೆಜಿಲಿನಲ್ಲಿ ಚಿತ್ರೀಕರಣ ಮುಗಿಸಿ ಕ್ಯಾಲಿಫೋರ್ನಿಯಕ್ಕೆ ಮರಳಿದ ನಟನೊಬ್ಬನಲ್ಲಿ ಎಚ್.ಐ.ವಿ. ಸೋಂಕು ಕಂಡುಬಂತು. ಅಷ್ಟರಲ್ಲಿ ಅವನೊಡನೆ ಕೆಲಸ ಮಾಡಿದ ಮೂವರು ಹೆಂಗಸರಿಗೂ ಅದು ತಗುಲಿತ್ತು. ಕ್ಯಾಸೆಟ್ಟು ಕೊಂಡವನಿಗೆ ಸಿಕ್ಕಿದ್ದು ಸಮುದ್ರದ ನೋಟ. ದುಡಿದವರಿಗೆ ಸಿಕ್ಕಿದ್ದು ಜೀವಮಾನದ ಕಾಯಿಲೆ.

2012ರಲ್ಲಿ ಲಾಸ್ ಏಂಜಲೀಸ್ ಕೌಂಟಿಯ ಮತದಾರರು ಇಂಥ ಚಿತ್ರೀಕರಣದಲ್ಲಿ ಕಾಂಡೋಮ್ ಕಡ್ಡಾಯ ಮಾಡಿದರು. ಒಡನೆಯೇ ಅಲ್ಲಿ ಚಿತ್ರೀಕರಣದ ಪರವಾನಗಿ ಕೇಳುವವರು ತೀರ ಕಡಿಮೆಯಾದರು. ಹಲವು ನಿರ್ಮಾಪಕರು ಲಾಸ್ ವೇಗಾಸಿನತ್ತ ನಡೆದರು.

ಗಿರಣಿಯ ಬಂಧುಗಳಿಗೆ ಈ ಕಥೆ ಹೊಸದೇ? 1982ರ ಮುಂಬಯಿ ಮುಷ್ಕರದ ಕಾಲದಲ್ಲಿ ಮಾಲೀಕರು ನೇಯ್ಗೆಯನ್ನು ಭಿವಂಡಿಯ ಪವರ್‌ಲೂಮುಗಳಿಗೆ ಸಾಗಿಸಿದ್ದು ನಮಗೆ ಮರೆತಿಲ್ಲ. ಸಂಘ ಬಲವಾದ ಕಡೆ ಬಂಡವಾಳ ನಿಲ್ಲುವುದಿಲ್ಲ. ಕಾನೂನು ಒಂದು ಊರಿನ ಗಡಿಯಲ್ಲಿ ನಿಂತರೆ, ಲಾಭ ಗಡಿ ದಾಟಿ ನಡೆಯುತ್ತದೆ.

ಆದ್ದರಿಂದ ನಾವು ಹೇಳುವುದಿಷ್ಟೆ: ಸರಕು ಎಲ್ಲಿ ತಯಾರಾದರೂ ದುಡಿದವರ ಜೀವಕ್ಕೆ ಅದನ್ನು ಮಾರಿ ಲಾಭ ಪಡೆಯುವ ಕಂಪನಿಯೇ ಹೊಣೆಯಾಗಬೇಕು. ಮಾಡುವ ಕೆಲಸ ನಮಗೆ ಮೆಚ್ಚದಿರಬಹುದು. ಮೆಚ್ಚದ ಕೆಲಸ ಮಾಡುವವರ ಜೀವ ಅಗ್ಗವೆಂದು ಇಂದು ನಾವು ಒಪ್ಪಿದರೆ, ನಾಳೆ ನಮ್ಮ ಜೀವಕ್ಕೂ ಅದೇ ಬೆಲೆ ಕಟ್ಟುತ್ತಾರೆ.